ಟೌನ್‌ಹಾಲಿನ ಬಾಗಿಲು

ಸಂಘಕ್ಕೆ ಸ್ವಂತ ಕಲಾಮಂದಿರ ಬೇಕೆಂಬ ಮಾತೆದ್ದಾಗಲೆಲ್ಲ ನಾವು ವೇದಿಕೆಯ ಅಗಲ, ಕುರ್ಚಿಗಳ ಸಂಖ್ಯೆ, ಅಡಿಗೆಮನೆಯ ಜಾಗ ಇವುಗಳಲ್ಲೇ ಮುಳುಗುತ್ತೇವೆ. ಅಲ್ಲಿ ಕೂಡುವವರನ್ನು ಕೇಳಿದೆವೇ ಎಂಬುದು ಹಿಂದೆ ಬೀಳುತ್ತದೆ. ಕೇರಳದ ಎರಡು ಹಳೆಯ ಕಟ್ಟಡಗಳ ಚರಿತ್ರೆ ಈ ಸಂದರ್ಭದಲ್ಲಿ ನೆನೆಯತಕ್ಕದ್ದು.

ಎರ್ನಾಕುಳಂನ ದರ್ಬಾರ್ ಹಾಲ್ ಕೊಚ್ಚಿಯ ಅರಸರ ಒಡ್ಡೋಲಗಕ್ಕೆಂದೇ ಎದ್ದದ್ದು. ಈಗ ಅದು ಎಲ್ಲರೂ ಕಾಲಿಡಬಲ್ಲ ಚಿತ್ರಶಾಲೆ.

ತಿರುವನಂತಪುರದ ಕಥೆ ಇಷ್ಟು ಸರಳವಲ್ಲ. ಅಲ್ಲಿನ ವಿಕ್ಟೋರಿಯಾ ಜ್ಯೂಬಿಲಿ ಟೌನ್‌ಹಾಲ್ 1896ರದು. ಕಟ್ಟಿಸಿದ್ದು ಅರಮನೆ, ಹೆಸರು ದೂರದ ರಾಣಿಯದು. ಊರವರನ್ನು ಕೇಳುವ ಪದ್ಧತಿ ಆಗೆಲ್ಲಿಯದು! ಆದರೆ 1904ರಲ್ಲಿ ಶ್ರೀಮೂಲಂ ಪ್ರಜಾಸಭೆ ಅದೇ ಸೂರಿನಡಿ ಸೇರಿ, ಪ್ರಜೆಗಳ ಅಹವಾಲುಗಳನ್ನು ಸರ್ಕಾರದ ಮುಂದಿಡತೊಡಗಿತು. (ನಮ್ಮ ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರದೆಂಬ ಹೆಮ್ಮೆಯನ್ನು ಅಡಗಿಸಲಾರೆವು.) ಸದಸ್ಯರಲ್ಲಿ ಹೆಚ್ಚಿನವರು ಭೂಮಾಲೀಕರು, ವರ್ತಕರು. ಗದ್ದೆಯಲ್ಲಿ ದುಡಿಯುವ ಪುಲಯರಿಗೆ ರಾಜಮಾರ್ಗವೇ ನಿಷಿದ್ಧವಾಗಿತ್ತು. 1893ರಲ್ಲಿ ಆ ಮಾರ್ಗದಲ್ಲಿ ಎತ್ತಿನ ಗಾಡಿ ಓಡಿಸಿದ ಅಯ್ಯನ್‌ಕಾಳಿ 1912ರಲ್ಲಿ ನಾಮನಿರ್ದೇಶಿತ ಸದಸ್ಯರಾಗಿ ಟೌನ್‌ಹಾಲಿನೊಳಗೆ ಬಂದರು. ಓದುಬರಹ ಬಾರದ ಅವರು ಅಲ್ಲಿ ಕೇಳಿದ್ದು ತಮ್ಮ ಜನಕ್ಕೆ ಭೂಮಿ, ಮಕ್ಕಳಿಗೆ ಶಾಲೆ.

2019ರಲ್ಲಿ ಕೇರಳ ಸರ್ಕಾರ ರಾಣಿಯ ಹೆಸರು ತೆಗೆದು ಆ ಭವನಕ್ಕೆ ಅಯ್ಯನ್‌ಕಾಳಿಯವರ ಹೆಸರಿಟ್ಟಿತು.