1898: ಸೂಜಿಗೆ ತೋಳೊಡ್ಡಿದ ಹುಬ್ಬಳ್ಳಿ

ಪ್ಲೇಗಿನ ಕಾಲದ ಬಗ್ಗೆ ನಮ್ಮ ಕಡೆಯ ಹಿರಿಯರು ಮಾತಾಡುವಾಗ ‘ಇಲಿ ಬಿತ್ತು’ ಎಂಬ ಮಾತು ತಪ್ಪದೆ ಬರುತ್ತಿತ್ತು. ಜಂತಿಯಿಂದ ಇಲಿ ಸತ್ತು ಕೆಳಗೆ ಬಿದ್ದರೆ ಆ ಮನೆ ಬಿಡಬೇಕು. ಓಣಿಯಲ್ಲಿ ನಾಲ್ಕು ಕಡೆ ಬಿದ್ದರೆ ಓಣಿಯೇ ಖಾಲಿಯಾಗಬೇಕು. ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು, ಪಿಡುಗು ಇಳಿಯುವವರೆಗೆ ಅಲ್ಲೇ ರೊಟ್ಟಿ ಬಡಿದು ತಿನ್ನಬೇಕು. ನಮ್ಮ ದಾದಿ ಇದನ್ನು ತನ್ನ ಅತ್ತೆಯಿಂದ ಕೇಳಿದ್ದಂತೆ. ಚಿಕ್ಕಂದಿನಲ್ಲಿ ನಮಗೆ ಇದೊಂದು ಮೂಢನಂಬಿಕೆಯಾಗಿ ಕಾಣುತ್ತಿತ್ತು. ಹಾಗಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಜನ ಒಂದು ಮಾತನ್ನು ಯಾಕೆ ನಂಬುತ್ತಾರೆ, ನಂಬಿದ್ದನ್ನು ಯಾವಾಗ ಬಿಡುತ್ತಾರೆ ಎಂಬ ಪ್ರಶ್ನೆಗೆ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಉತ್ತರ ಹುಡುಕುವವರಿದ್ದಾರೆ. ನಮ್ಮ ಊರಿನ ಚರಿತ್ರೆಯಲ್ಲೇ ಅದಕ್ಕೊಂದು ದೊಡ್ಡ ಪಾಠವಿದೆ. ಅದು 1898ರ ಹುಬ್ಬಳ್ಳಿಯದು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಹುಬ್ಬಳ್ಳಿ ಹತ್ತಿಯ ಪೇಟೆ, ಸದರನ್ ಮರಾಠಾ ರೈಲ್ವೆಯ ಜಂಕ್ಷನ್. ಹತ್ತಿ ಬಂದ ಹಳಿಯಲ್ಲೇ ರೋಗವೂ ಬಂತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಹೋದದ್ದೂ ಈ ಹುಬ್ಬಳ್ಳಿಯ ದಾರಿಯಿಂದಲೇ.

ಸರಕಾರ 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಮನೆಮನೆ ಶೋಧ, ರೈಲು ನಿಲ್ದಾಣದಲ್ಲಿ ಮೈ ಮುಟ್ಟಿ ತಪಾಸಣೆ, ರೋಗಿಯನ್ನು ಎಳೆದೊಯ್ಯುವುದು, ಉಳಿದವರನ್ನು ಕ್ಯಾಂಪಿಗೆ ಅಟ್ಟುವುದು, ಸಾಮಾನು ಸುಡುವುದು ಎಲ್ಲಕ್ಕೂ ಅಧಿಕಾರಿಗಳಿಗೆ ಕಾನೂನಿನ ಬಲ ಸಿಕ್ಕಿತು. ಪುಣೆಯಲ್ಲಿ ಈ ಕೆಲಸಕ್ಕೆ ಸೈನಿಕರನ್ನೇ ಬಿಟ್ಟರು. ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಗುಂಡಿಟ್ಟರು. ಮುಂಬಯಿಯಲ್ಲಿ 1898ರ ಮಾರ್ಚ್ 9ರಂದು, ಜುಲಾಹಾ ನೇಕಾರರ ಓಣಿಯ ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಆಸ್ಪತ್ರೆಗೆ ಒಯ್ಯಲು ಹೋದಾಗ ದೊಡ್ಡ ಗಲಭೆಯೇ ಆಯಿತು. ಒಂದು ಕಡೆ ಹಿಂದೂ ಬ್ರಾಹ್ಮಣ ಯುವಕರು, ಇನ್ನೊಂದು ಕಡೆ ಬಡ ಮುಸ್ಲಿಂ ನೇಕಾರರು. ಸಿಟ್ಟಿಗೆ ಧರ್ಮದ ಗಡಿ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಸಿಟ್ಟಿನ ಜೊತೆಗೆ ವದಂತಿಗಳೂ ಹುಟ್ಟಿದವು. ಆಸ್ಪತ್ರೆಯಲ್ಲಿ ರೋಗಿಗಳನ್ನು ಕೊಂದು ಅವರ ಮೈಯಿಂದ ‘ಮೋಮಿಯಾಯಿ’ ಎಂಬ ಮದ್ದಿನ ಎಣ್ಣೆ ತೆಗೆಯುತ್ತಾರೆಂದು ಮುಂಬಯಿಯಲ್ಲಿ ಸುದ್ದಿ. ಚುಚ್ಚುವ ಸೂಜಿ ಗಜದುದ್ದ ಇರುತ್ತದೆ, ಗಂಡಸರು ಷಂಡರಾಗುತ್ತಾರೆ, ಹೆಂಗಸರು ಬಂಜೆಯರಾಗುತ್ತಾರೆ ಎಂದು ಮುಂದೆ ಪಂಜಾಬಿನಲ್ಲಿ ಸುದ್ದಿ. ಆಗಿನ ಸಾಹೇಬರು ಇವನ್ನು ಬರೆದಿಟ್ಟು ನಕ್ಕರು. ನಗುವ ಮೊದಲು ಒಂದು ನಿಮಿಷ ಯೋಚಿಸೋಣ.

1934ರ ಜನವರಿ 15ರಂದು ಬಿಹಾರದಲ್ಲಿ ಭಾರೀ ಭೂಕಂಪವಾಯಿತು. ಆಗ ಹರಡಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಕಲೆಹಾಕಿದರು. ನೆಲ ನಡುಗಿದ, ಆದರೆ ಮನೆ ಬೀಳದ ಊರುಗಳಲ್ಲಿ ‘ಇದಕ್ಕಿಂತ ದೊಡ್ಡ ಗಂಡಾಂತರ ಬರುತ್ತದೆ’ ಎಂಬ ಸುದ್ದಿಗಳು ಹಬ್ಬಿದ್ದವು. ಅಮೆರಿಕದ ಲಿಯಾನ್ ಫೆಸ್ಟಿಂಜರ್ ಇದನ್ನು ಓದಿ ತಲೆ ಕೆರೆದುಕೊಂಡರು. ಹೆದರಿದವರು ಸಮಾಧಾನದ ಸುದ್ದಿ ಹುಡುಕುವುದು ಬಿಟ್ಟು ಇನ್ನಷ್ಟು ಹೆದರಿಸುವ ಸುದ್ದಿಯನ್ನೇಕೆ ನಂಬಬೇಕು? ಅವರಿಗೆ ಹೊಳೆದ ಉತ್ತರ ಇದು: ಭಯ ಮೊದಲೇ ಮನಸ್ಸಿನಲ್ಲಿ ಕೂತಿದೆ, ಕಣ್ಣೆದುರು ಅದಕ್ಕೆ ತಕ್ಕ ಕಾರಣ ಕಾಣುತ್ತಿಲ್ಲ, ಆ ಕಾರಣವನ್ನು ವದಂತಿ ಒದಗಿಸುತ್ತದೆ. 1957ರಲ್ಲಿ ಅವರು ಪ್ರಕಟಿಸಿದ ಪ್ರಸಿದ್ಧ ಸಿದ್ಧಾಂತದ ಒಂದು ಬೇರು ಹೀಗೆ ನಮ್ಮ ಬಿಹಾರದಲ್ಲಿದೆ. ಮನಸ್ಸಿನೊಳಗೆ ಒಂದಕ್ಕೊಂದು ಹೊಂದದ ಎರಡು ಸಂಗತಿಗಳಿದ್ದರೆ ಮನುಷ್ಯನಿಗೆ ನೆಮ್ಮದಿಯಿಲ್ಲ. ಯಾವುದಾದರೊಂದನ್ನು ತಿರುಚಿಯಾದರೂ ಹೊಂದಿಸಿಕೊಳ್ಳುತ್ತಾನೆ.

ಈ ಕಣ್ಣಿನಿಂದ ನೋಡಿದರೆ ಮೋಮಿಯಾಯಿ ಕಥೆ ಬರೀ ಹುಚ್ಚುತನವಲ್ಲ. ಹಸಿವಿದ್ದಾಗ ಬಾರದ ಸರಕಾರ, ತೆರಿಗೆಗೆ ಮಾತ್ರ ಬಾಗಿಲಿಗೆ ಬರುತ್ತಿದ್ದ ಸರಕಾರ, ಈಗ ಬೂಟುಗಾಲಲ್ಲಿ ಅಡುಗೆಮನೆಗೇ ನುಗ್ಗಿ ‘ನಿನ್ನ ಜೀವ ಉಳಿಸುತ್ತೇನೆ’ ಎನ್ನುತ್ತಿದೆ. ಅನುಭವಕ್ಕೂ ಮಾತಿಗೂ ತಾಳೆ ಬೀಳಲಿಲ್ಲ. ಜನ ತಮ್ಮ ಅನುಭವವನ್ನು ಉಳಿಸಿಕೊಂಡರು, ಮಾತನ್ನು ತಿರುಚಿದರು.

ಇಂಥ ಹೊತ್ತಿನಲ್ಲಿ ಹುಬ್ಬಳ್ಳಿಯಲ್ಲಿ ಬೇರೆಯೇ ಒಂದು ಸಂಗತಿ ನಡೆಯಿತು.

ಪ್ಲೇಗಿನ ಲಸಿಕೆ ಕಂಡುಹಿಡಿದವರು ವಾಲ್ಡೆಮಾರ್ ಹಾಫ್‌ಕಿನ್. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದವರು. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಕ್ರಿಮಿ ಬೆಳೆಸುವ ಸಾರಿಗೆ ದನ, ಹಂದಿಯ ಮಾಂಸ ಬಿಟ್ಟು ಆಡಿನ ಮಾಂಸ ಬಳಸಿದರು. ಚುಚ್ಚಿಸಿಕೊಂಡವರಿಗೆ ತೋಳು ಊದಿ ಒಂದೆರಡು ದಿನ ಜ್ವರ. ಕೂಲಿಯವನಿಗೆ ಅಷ್ಟು ದಿನದ ಗಳಿಕೆ ಹೋಯಿತೆಂದೇ ಅರ್ಥ.

1901ರ ಜನಗಣತಿಯಂತೆ ಹುಬ್ಬಳ್ಳಿಯ ಜನಸಂಖ್ಯೆ ಸುಮಾರು 60 ಸಾವಿರ. 1898ರ ಮೇ ತಿಂಗಳಿಂದ ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡಿದ್ದರು. ಒಂದೇ ಊರಿನ ಇಷ್ಟು ದೊಡ್ಡ ಪಾಲು ಸೂಜಿಗೆ ತೋಳೊಡ್ಡಿದ್ದು ಆ ಕಾಲಕ್ಕೆ ಸೋಜಿಗ. ಕೆಲಸದ ಮುಂದಾಳು ಕ್ಯಾಪ್ಟನ್ ಲ್ಯೂಮನ್ ಎಂಬ ಸೇನಾ ವೈದ್ಯ. ಧಾರವಾಡದಲ್ಲಿ ಡಾ. ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಲಸಿಕೆ ಹಾಕುತ್ತಿದ್ದರು. ಪರದೆಯ ಹೆಂಗಸರಿರುವ ಮನೆಗಳಿಗೆ ಹೆಣ್ಣುಮಗಳೊಬ್ಬಳು ವೈದ್ಯೆಯಾಗಿ ಬರುವುದೆಂದರೆ ಏನೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ.

ಹಾಗಾದರೆ ಹುಬ್ಬಳ್ಳಿಯವರು ಪುಣೆಯವರಿಗಿಂತ ಜಾಣರೇ? ನಾನು ಈ ಊರಿನವನಾದರೂ ಹಾಗೆನ್ನಲಾರೆ. ಆ ಲಸಿಕೆ ಹೇಗೆ ಕೆಲಸ ಮಾಡುತ್ತದೆಂದು ಅವರಿಗೆ ಯಾರೂ ತಿಳಿಹೇಳಿದಂತಿಲ್ಲ, ಹೇಳಿದ್ದರೂ ಅದರಿಂದ ಆಗುತ್ತಿದ್ದುದು ಅಷ್ಟಕ್ಕಷ್ಟೆ. ಮಳೆಗಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಮಕ್ಕಳು ಮುದುಕರ ಸಮೇತ ನೆನೆಯುವುದು ಒಂದು ಕಡೆ, ಒಂದು ಚುಚ್ಚು ಇನ್ನೊಂದು ಕಡೆ. ಲಸಿಕೆಯ ಚೀಟಿ ಇದ್ದವರಿಗೆ ಪ್ರಯಾಣ ಮತ್ತು ಪ್ರತ್ಯೇಕವಾಸದ ಕಟ್ಟುಪಾಡುಗಳಲ್ಲಿ ಸರಕಾರ ರಿಯಾಯಿತಿ ಕೊಡುತ್ತಿತ್ತು. ಆದ್ದರಿಂದ ಇದೆಲ್ಲ ಪೂರ್ತಿ ಸ್ವಇಚ್ಛೆಯೆಂದು ಬಣ್ಣಿಸುವುದೂ ತಪ್ಪು. ಮೊದಲು ಬಂದವರು ನಂಬಿ ಬಂದವರಲ್ಲ, ಗತಿಯಿಲ್ಲದೆ ಬಂದವರು ಎಂದೇ ನನ್ನ ಎಣಿಕೆ.

ಆದರೆ ಎರಡನೆಯ ಸಲ ಅದೇ ಜನ ಮತ್ತೆ ಬಂದರು. ನಂಬಿಕೆ ಹುಟ್ಟಿದ್ದು ಅಲ್ಲಿ. ಪ್ಲೇಗ್ ಏರುತ್ತಿದ್ದ ವಾರಗಳಲ್ಲಿ ಒಂದೇ ಓಣಿಯಲ್ಲಿ, ಒಂದೇ ಹತ್ತಿ ಗಿರಣಿಯಲ್ಲಿ ಚುಚ್ಚಿಸಿಕೊಂಡವರೂ ಇದ್ದರು, ಚುಚ್ಚಿಸಿಕೊಳ್ಳದವರೂ ಇದ್ದರು. ಯಾರ ಮನೆಯಿಂದ ಹೆಚ್ಚು ಹೆಣ ಹೋಗುತ್ತಿದೆ ಎಂದು ಎಣಿಸಲು ಅಕ್ಷರ ಬೇಕಿಲ್ಲ. ಅದೇ ಚಳಿಗಾಲದಲ್ಲಿ ದೇಶ ಸುತ್ತಿದ ಪ್ಲೇಗ್ ಆಯೋಗ ಹುಬ್ಬಳ್ಳಿಯ ಅಂಕಿಅಂಶಗಳಲ್ಲಿ ಲೋಪ ಹುಡುಕಿತು. ಊರು ಬಿಟ್ಟು ಹೋದವರೆಷ್ಟು, ಉಳಿದವರೆಷ್ಟು ಎಂಬ ಲೆಕ್ಕ ಗಟ್ಟಿಯಿರಲಿಲ್ಲ. ಆದರೂ ಲಸಿಕೆಯಿಂದ ಪ್ರಯೋಜನವಿದೆ ಎಂಬುದನ್ನು ಆಯೋಗವೂ ಒಪ್ಪಿತು. ಜನ ತಮ್ಮ ಓಣಿಯ ಲೆಕ್ಕದಿಂದ ಮೊದಲೇ ಒಪ್ಪಿಯಾಗಿತ್ತು.

ಮುಂಬಯಿಯಲ್ಲೂ ಇದೇ ದಾರಿ ಹಿಡಿದ ಒಬ್ಬರಿದ್ದರು. ಇಸ್ಮಾಯಿಲಿ ಖೋಜಾಗಳ ಗುರು ಮೂರನೆಯ ಆಗಾ ಖಾನ್. ವಯಸ್ಸು ಆಗಿನ್ನೂ ಇಪ್ಪತ್ತರ ಆಸುಪಾಸು. ಹಾಫ್‌ಕಿನ್‌ರ ಪ್ರಯೋಗಾಲಯಕ್ಕೆ ತಮ್ಮ ಕಟ್ಟಡ ಬಿಟ್ಟುಕೊಟ್ಟರು. ತಾವೇ ಎಲ್ಲರೆದುರು ಲಸಿಕೆ ಹಾಕಿಸಿಕೊಂಡು, ಆ ಸುದ್ದಿ ಬೇಗ ಹರಡುವಂತೆ ನೋಡಿಕೊಂಡರೆಂದು ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಒಮ್ಮೆಯಲ್ಲ, ಮತ್ತೆ ಮತ್ತೆ. ಅನುಯಾಯಿಗಳಿಗೆ ಬೇಕಾಗಿದ್ದದ್ದು ಅದೇ: ತಮ್ಮವನೊಬ್ಬ ಚುಚ್ಚಿಸಿಕೊಂಡೂ ಮರುದಿನ ಎದ್ದು ಓಡಾಡುವುದನ್ನು ನೋಡುವುದು.

ಮುಸ್ಲಿಮರು ವಿಧಿಯನ್ನು ನಂಬುವವರು, ಆದ್ದರಿಂದ ಔಷಧಕ್ಕೆ ಒಪ್ಪುವುದಿಲ್ಲ ಎಂದು ಬ್ರಿಟಿಷ್ ಅಧಿಕಾರಿಗಳು ಸಲೀಸಾಗಿ ಬರೆಯುತ್ತಿದ್ದರು. ಹಿಜರಿ 18ರ ಸುಮಾರಿಗೆ ಸಿರಿಯಾದಲ್ಲಿ ಪ್ಲೇಗ್ ಹಬ್ಬಿದಾಗ ಖಲೀಫಾ ಉಮರ್ (ರ) ದಾರಿಯ ಮಧ್ಯದಿಂದಲೇ ಹಿಂತಿರುಗಿದ್ದು ಅವರಿಗೆ ತಿಳಿದಿರಲಿಲ್ಲ. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ (ರ) ಕೇಳಿದಾಗ, ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದಲ್ಲಿ ಉಮರ್ ಉತ್ತರಿಸಿದರು. ಆ ನಿರ್ಧಾರಕ್ಕೆ ಬರುವ ಮುನ್ನ ಅವರು ಮೂರು ಗುಂಪುಗಳ ಸಲಹೆ ಕೇಳಿದ್ದರು. ಮೊದಲ ಎರಡರಲ್ಲಿ ಒಮ್ಮತವಿರಲಿಲ್ಲ.

ಇನ್ನು ನಮ್ಮ ದಾದಿಯ ಇಲಿಯ ವಿಷಯ. 1898ರ ಜೂನ್‌ನಲ್ಲಿ, ಹುಬ್ಬಳ್ಳಿಯಲ್ಲಿ ಸೂಜಿಯ ಕೆಲಸ ನಡೆದಿದ್ದಾಗಲೇ, ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತದೆ ಎಂದು ಪ್ರಯೋಗದಿಂದ ತೋರಿಸಿದ. ತಜ್ಞರು ನಂಬಲಿಲ್ಲ. ಪ್ಲೇಗ್ ಆಯೋಗವೂ ಆ ಮಾತನ್ನು ತಳ್ಳಿಹಾಕಿತು. ರೋಗ ಕೊಳಕಿನಲ್ಲಿದೆ, ನೆಲದಲ್ಲಿದೆ, ಬಟ್ಟೆಯಲ್ಲಿದೆ ಎಂಬುದು ವಿದ್ಯಾವಂತರ ನಂಬಿಕೆ. ಹಾಗಾಗಿ ಮನೆಗಳಿಗೆ ಕಾರ್ಬಾಲಿಕ್ ಆಮ್ಲ ಸುರಿದರು, ಹೆಂಚು ಕಿತ್ತರು, ಹಾಸಿಗೆ ಸುಟ್ಟರು. ಸಿಮೊಂಡ್ ಹೇಳಿದ್ದು ಸರಿಯೆಂದು ಭಾರತದಲ್ಲಿ ಒಪ್ಪಿದ್ದು 1905ರ ನಂತರದ ಸಂಶೋಧನೆಗಳಿಂದ. ಇಲಿ ಸತ್ತ ಮೇಲೆ ಅದರ ಚಿಗಟಗಳು ಮನುಷ್ಯನ ಮೈ ಹತ್ತುತ್ತವೆ. ಇಲಿ ಬಿದ್ದ ಮನೆಯನ್ನು ಕೂಡಲೇ ಬಿಟ್ಟವರು ಬದುಕಿದ್ದು ಅದಕ್ಕೇ. ಅಂದರೆ ಚಿಗಟದ ಹೆಸರೂ ಕೇಳದ ನಮ್ಮ ಮುತ್ತಜ್ಜಿಯರ ನಂಬಿಕೆ ಸರಿಯಿತ್ತು, ಸೂಕ್ಷ್ಮದರ್ಶಕ ಹಿಡಿದವರದು ಆ ಒಂದು ವಿಷಯದಲ್ಲಿ ತಪ್ಪಿತ್ತು. ತಪ್ಪೆಂದು ತೋರಿಸಿಕೊಟ್ಟ ಮೇಲೂ ಏಳೆಂಟು ವರ್ಷ ಅದನ್ನು ಬಿಡಲಿಲ್ಲ. ಇದೇ ಕಾಲದಲ್ಲಿ ಜನಸಾಮಾನ್ಯರನ್ನು ‘ಹಟಮಾರಿಗಳು’ ಎಂದು ಕಡತಗಳಲ್ಲಿ ದಾಖಲಿಸಲಾಗುತ್ತಿತ್ತು.

ಹುಬ್ಬಳ್ಳಿ ಗಳಿಸಿಕೊಟ್ಟ ಹೆಸರು ಹೆಚ್ಚು ಕಾಲ ನಿಲ್ಲಲಿಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದರು. ಒಂದೇ ಸೀಸೆಯಿಂದ ಚುಚ್ಚಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಉಳಿದ ಸೀಸೆಗಳಿಂದ ಹಾಕಿಸಿಕೊಂಡ ಒಬ್ಬರಿಗೂ ಏನೂ ಆಗಲಿಲ್ಲ. ಆದರೇನು, ಪಂಜಾಬಿನಲ್ಲಿ ಲಸಿಕೆಯ ಕೆಲಸವೇ ಕುಸಿಯಿತು. ಹುಬ್ಬಳ್ಳಿಯ ಮೂವತ್ತು ಸಾವಿರ ತೋಳುಗಳು ಆ 19 ಸಾವುಗಳ ಮುಂದೆ ಹಗುರಾದವು.

ಸರಕಾರದ ವಿಚಾರಣೆ ತಪ್ಪನ್ನು ಹಾಫ್‌ಕಿನ್‌ರ ಪ್ರಯೋಗಾಲಯದ ಮೇಲೆ ಹೊರಿಸಿತು. ಆ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಲಾಗಿತ್ತು ಎಂಬ ಸಾಕ್ಷ್ಯವಿದ್ದರೂ ಹಾಫ್‌ಕಿನ್ ಕೆಲಸ ಕಳೆದುಕೊಂಡರು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದವರು ಪತ್ರಿಕೆಯಲ್ಲಿ ಬರೆದು ಒತ್ತಾಯಿಸಿದ ಮೇಲೆ, 1907ರಲ್ಲಿ ಅವರು ದೋಷಮುಕ್ತರಾದರು. ಒಂದು ತಪ್ಪು ತಿಳಿವಳಿಕೆ ತಿದ್ದಿಕೊಳ್ಳಲು ಸಾಮ್ರಾಜ್ಯಕ್ಕೆ ಐದು ವರ್ಷ ಹಿಡಿಯಿತು. ಮುಂಬಯಿಯ ಆ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್‌ರ ಹೆಸರನ್ನೇ ಇಟ್ಟರು.

2017ರಲ್ಲಿ ದಡಾರ-ರುಬೆಲ್ಲಾ ಲಸಿಕೆ ಬಂದಾಗ ನಮ್ಮ ಓಣಿಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದ ಸಂದೇಶಗಳಲ್ಲಿ ಬಂಜೆತನದ ಅದೇ ಹಳೆಯ ಮಾತಿತ್ತು. ಗಜದುದ್ದದ ಸೂಜಿಯೊಂದು ಬಿಟ್ಟುಹೋಗಿತ್ತು, ಅಷ್ಟೆ. 2021ರಲ್ಲಿ ಕೊರೋನಾ ಲಸಿಕೆಗೂ ಹಾಗೆಯೇ ಆಯಿತು. ಪಕ್ಕದ ಮನೆಯ ಹೆಂಗಸೊಬ್ಬರು ಆಶಾ ಕಾರ್ಯಕರ್ತೆಯನ್ನು ಮೂರು ಸಲ ಬಾಗಿಲಿಂದಲೇ ಕಳಿಸಿದ್ದರು. ಒಂದು ದಿನ ನೋಡಿದರೆ ಲಸಿಕೆ ಕೇಂದ್ರದ ಸಾಲಿನಲ್ಲಿ ಸೆರಗು ಹೊದ್ದು ನಿಂತಿದ್ದಾರೆ. ಯಾರ ಮಾತು ಕೇಳಿ ಬಂದಿರಿ ಎಂದೆ. ‘ಯಾರ ಮಾತೂ ಇಲ್ಲ ಭಾಯಿ. ನಮ್ಮ ನೆಗೆಣ್ಣಿ ಹಾಕಿಸ್ಕೊಂಡು ಎರಡು ತಿಂಗಳಾತು. ಆರಾಮ ರೊಟ್ಟಿ ಬಡೀಲಿಕ್ಕತ್ತಾಳ’ ಎಂದರು.