ಹೋಗನ್, ಜಿಮ್ಮಿ

1882-1974. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ, ತರಬೇತುದಾರ. ಲ್ಯಾಂಕಾಷೈರ್‌ನ ನೆಲ್ಸನ್ ಪಟ್ಟಣದಲ್ಲಿ ಐರಿಷ್ ಮೂಲದ ಕ್ಯಾಥೊಲಿಕ್ ಕುಟುಂಬದಲ್ಲಿ ಹುಟ್ಟಿದ. ಬರ್ನ್‌ಲಿ, ಫುಲ್ಹಮ್, ಸ್ವಿಂಡನ್, ಬೋಲ್ಟನ್ ಕ್ಲಬ್ಬುಗಳಿಗೆ ಆಡಿದನಾದರೂ ಆಟಗಾರನಾಗಿ ಈತನದು ಸಾಧಾರಣ ದರ್ಜೆ. ಬರ್ನ್‌ಲಿಯಲ್ಲಿದ್ದಾಗ ಚೆಂಡು ಗೋಲಿನ ಮೇಲೆ ಹಾರಿಹೋದದ್ದಕ್ಕೆ ಕಾರಣ ಕೇಳಿದರೆ, ಒದೆಯುತ್ತಲೇ ಇರು, ಹತ್ತರಲ್ಲಿ ಒಂದಾದರೂ ಒಳಗೆ ಹೋಗುತ್ತದೆ ಎಂದು ಮ್ಯಾನೇಜರ್ ಹೇಳಿದನಂತೆ. ಆ ಉತ್ತರ ಹೋಗನ್‌ಗೆ ಹಿಡಿಸಲಿಲ್ಲ. ಆಗ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಅಭ್ಯಾಸವೆಂದರೆ ಬಹುಪಾಲು ಓಟ; ವಾರವೆಲ್ಲ ಚೆಂಡು ಸಿಗದಿದ್ದರೆ ಶನಿವಾರ ಆಟಗಾರರು ಅದಕ್ಕಾಗಿ ಹಸಿದಿರುತ್ತಾರೆಂಬ ನಂಬಿಕೆಯಿತ್ತು.

1910ರಲ್ಲಿ ಹಾಲೆಂಡಿನ ಡಾರ್ಡ್ರೆಕ್ಟ್ ಕ್ಲಬ್ಬಿನಲ್ಲಿ ಕಲಿಸಲು ತೊಡಗಿದ. 1912ರಲ್ಲಿ ರೆಫರಿ ಜೇಮ್ಸ್ ಹೌಕ್ರಾಫ್ಟ್‌ನ ಸಲಹೆಯಂತೆ ಆಸ್ಟ್ರಿಯಾದ ಫುಟ್‌ಬಾಲ್ ಸಂಘಟಕ ಹ್ಯೂಗೊ ಮೈಸ್ಲ್ ಈತನನ್ನು ವಿಯೆನ್ನಾಕ್ಕೆ ಕರೆಸಿಕೊಂಡ.

ಬುಡಾಪೆಸ್ಟ್ ವರ್ಷಗಳು: 1914ರಲ್ಲಿ ಮಹಾಯುದ್ಧ ಆರಂಭವಾದಾಗ ಹೋಗನ್ ವಿಯೆನ್ನಾದಲ್ಲಿದ್ದ. ಶತ್ರುದೇಶದ ಪ್ರಜೆಯೆಂದು ಬಂಧನಕ್ಕೊಳಗಾದ. ಹೆಂಡತಿ ಮಕ್ಕಳು ಊರಿಗೆ ಮರಳಿದರು. ಬುಡಾಪೆಸ್ಟಿನ ಎಂಟಿಕೆ ಕ್ಲಬ್ಬಿನ ಬ್ಯಾರನ್ ಡಿರ್ಸ್ಟೈ ತನ್ನ ಪ್ರಭಾವ ಬಳಸಿ ಈತನನ್ನು ಅಲ್ಲಿಗೆ ಕರೆಸಿಕೊಂಡ. ಹಿರಿಯ ಆಟಗಾರರಲ್ಲಿ ಹಲವರು ಯುದ್ಧಕ್ಕೆ ಹೋಗಿದ್ದರಿಂದ ಹುಡುಗರನ್ನೇ ತಿದ್ದಬೇಕಾಯಿತು. ಗ್ಯೋರ್ಗಿ ಓರ್ಟ್ ಮತ್ತು ಯೋಝೆಫ್ ಬ್ರೌನ್ ಉದ್ಯಾನದಲ್ಲಿ ಆಡುತ್ತಿದ್ದುದನ್ನು ಕಂಡು ಎಂಟಿಕೆಗೆ ಕರೆತಂದ ಎಂಬ ಮಾತಿದೆ. ಎತ್ತರದಿಂದ ಬಂದ ಚೆಂಡನ್ನು ಎರಡೂ ಕಾಲಿನಿಂದ ಸತ್ತಂತೆ ನಿಲ್ಲಿಸುವುದು, ನಿಂತ ಮರುಗಳಿಗೆಗೇ ಜತೆಗಾರನಿಗೆ ದಾಟಿಸುವುದು, ಪಾಸ್ ಕೊಟ್ಟವನು ನಿಲ್ಲದೆ ಖಾಲಿ ಜಾಗಕ್ಕೆ ಸರಿಯುವುದು: ದಿನವೂ ಇದೇ ಅಭ್ಯಾಸ, ಕಪ್ಪುಹಲಗೆಯ ಮೇಲೆ ಇದರದೇ ವಿವರಣೆ. ಕ್ಲಬ್ 1916-17 ಮತ್ತು 1917-18ರ ಲೀಗ್ ಗೆದ್ದಿತು. ಹೋಗನ್ ಹೊರಟ ಮೇಲೂ 1925ರವರೆಗೆ ಪ್ರಶಸ್ತಿ ಬೇರೆಯವರ ಪಾಲಾಗಲಿಲ್ಲ. ಆದರೆ ಹಂಗರಿಗೆ ಸಣ್ಣ ಪಾಸ್‌ಗಳ ಆಟ ಕಲಿಸಿದವನು ಈತನೊಬ್ಬನೇ ಎನ್ನುವುದು ಅತಿಯಾದೀತು. ಈತನಿಗಿಂತ ಮೊದಲೇ ಸ್ಕಾಟ್ಲೆಂಡಿನ ಜಾನ್ ಟೇಟ್ ರಾಬರ್ಟ್‌ಸನ್ ಅದೇ ಕ್ಲಬ್ಬಿಗೆ ತರಬೇತಿ ಕೊಟ್ಟಿದ್ದ. ಯುದ್ಧಕಾಲದ ಘಟನೆಗಳಲ್ಲಿ ಅನೇಕವು ಹೋಗನ್ ತಾನೇ ಹೇಳಿಕೊಂಡವು ಎಂಬುದೂ ಗಮನದಲ್ಲಿರಬೇಕು.

ಮುಂದೆ ಸ್ವಿಟ್ಜರ್ಲೆಂಡ್, ಮತ್ತೆ ಬುಡಾಪೆಸ್ಟ್, ಜರ್ಮನಿ. ಮುಂದೆ ಪಶ್ಚಿಮ ಜರ್ಮನಿ ತಂಡದ ಕೋಚ್ ಆದ ಹೆಲ್ಮುಟ್ ಶೋನ್ ಡ್ರೆಸ್ಡೆನ್‌ನಲ್ಲಿ ಈತನ ಶಿಷ್ಯನಾಗಿದ್ದ. ಅಲ್ಲಿನ ಒಂದು ಉಪನ್ಯಾಸದಲ್ಲಿ ಹರಕುಮುರುಕು ಜರ್ಮನ್ ಕೇಳಿ ಸಭೆ ನಕ್ಕಾಗ, ಒಳಗೆ ಹೋಗಿ ಬೋಲ್ಟನ್ ಸಮವಸ್ತ್ರ ತೊಟ್ಟು ಬಂದು, ಬರಿಗಾಲಲ್ಲೇ ಚೆಂಡು ಒದ್ದು ಮರದ ಹಲಗೆಯನ್ನು ಸೀಳಿದನಂತೆ.

ತಾಯ್ನಾಡಿನಲ್ಲಿ ಇಷ್ಟು ಮನ್ನಣೆ ಸಿಗಲಿಲ್ಲ. 1934ರಲ್ಲಿ ಸೇರಿದ ಫುಲ್ಹಮ್ ಕೆಲವೇ ತಿಂಗಳಲ್ಲಿ ಕೆಲಸದಿಂದ ತೆಗೆಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಈತ ಸಿದ್ಧಗೊಳಿಸಿದ ಆಸ್ಟ್ರಿಯಾ ತಂಡ ಬೆಳ್ಳಿ ಪಡೆಯಿತು. 1938ರಲ್ಲಿ ಈತ ಮ್ಯಾನೇಜರ್ ಆಗಿದ್ದ ಆಸ್ಟನ್ ವಿಲ್ಲಾ ಎರಡನೆಯ ಡಿವಿಜನ್ ಗೆದ್ದು ಮೇಲೇರಿತು. ಯುದ್ಧಾನಂತರ ಗ್ಲಾಸ್ಗೋದ ಸೆಲ್ಟಿಕ್‌ನಲ್ಲಿ ಕೆಲಕಾಲ ಕಲಿಸಿದ.

1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗರಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿತು. ಬ್ರಿಟಿಷ್ ದ್ವೀಪಗಳಾಚೆಯ ತಂಡವೊಂದಕ್ಕೆ ಇಂಗ್ಲೆಂಡ್ ತವರಿನಲ್ಲಿ ಸೋತದ್ದು ಅದೇ ಮೊದಲು. ವಿಲ್ಲಾದ ಕಿರಿಯ ಆಟಗಾರರನ್ನು ಕರೆದುಕೊಂಡು ಬಂದಿದ್ದ ಹೋಗನ್ ಪ್ರೇಕ್ಷಕರ ನಡುವೆ ಕುಳಿತಿದ್ದ. ತಮಗೆ ಗೊತ್ತಿರುವುದೆಲ್ಲ ಹೋಗನ್ ಕಲಿಸಿದ್ದು ಎಂದು ಹಂಗರಿಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಶಾಂಡೊರ್ ಬಾರ್ಚ್ ಅನಂತರ ಹೇಳಿದ. ಗೆದ್ದ ಸಂಭ್ರಮದ ಸೌಜನ್ಯ ಇದರಲ್ಲಿ ಸ್ವಲ್ಪ ಬೆರೆತಿರಬಹುದು. ಕೋಚ್ ಗುಸ್ತಾವ್ ಶೆಬೆಶ್ ಸಹ ಇದೇ ಅರ್ಥದ ಮಾತಾಡಿದ್ದಾನೆ. ಹೋಗನ್ 1974ರ ಜನವರಿಯಲ್ಲಿ ತೀರಿಕೊಂಡ.