ಕೋಠಿಯ ದೊಡ್ಡ ಮನೆ ಮತ್ತು ಅದನ್ನು ಉಳಿಸಿದ ಹೆಣ್ಣುಮಕ್ಕಳು

ಸೀರೆ ಕೊಳ್ಳಲು ಸುಲ್ತಾನ್ ಬಜಾರಿಗೆ ಹೋಗದ, ಮಕ್ಕಳ ಪಠ್ಯಪುಸ್ತಕಕ್ಕಾಗಿ ಕೋಠಿಯ ಹಳೆ ಪುಸ್ತಕದ ಅಂಗಡಿಗಳನ್ನು ಸುತ್ತದ ಕನ್ನಡತಿ ಹೈದರಾಬಾದಿನಲ್ಲಿ ಇರಲಾರಳು. ಬಸ್ಸಿನ ಬೋರ್ಡಿನಲ್ಲಿ ‘ಕೋಟಿ’ ಎಂದು ಓದಿ, ಇಲ್ಲೆಲ್ಲೋ ಒಂದು ಕೋಟೆ ಇದ್ದಿರಬೇಕು ಎಂದು ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅಂದುಕೊಂಡಿದ್ದೆ. ನಮ್ಮ ಅತ್ತೆ ನಕ್ಕು ತಿದ್ದಿದರು. ಅದು ಕೋಟೆಯೂ ಅಲ್ಲ, ಲಕ್ಷ ಕೋಟಿಯೂ ಅಲ್ಲ. ‘ಕೋಠಿ’, ಅಂದರೆ ದೊಡ್ಡ ಬಂಗಲೆ. ರಾಯಚೂರಿನಿಂದ ಬಂದು 1950ರ ದಶಕದಲ್ಲಿ ಅವರು ಓದಿದ್ದು ಆ ಬಂಗಲೆಯ ಕಾಲೇಜಿನಲ್ಲೇ. “ಸಿಂಹಗಳ ಪಕ್ಕದ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆವು ಕಣೇ” ಎಂದು ಅವರು ಹೇಳುವಾಗ ಮುಖ ಅರಳುತ್ತಿತ್ತು. ಒಂದೂರಿಗೆ ಹೆಸರು ಕೊಟ್ಟ ಆ ಮನೆಯ ಕಥೆಯನ್ನು ಈ ಸಂಚಿಕೆಯ ಮೂಲಕ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಇಂದು ವಾಹನಗಳ ಗದ್ದಲದ ನಡುವೆ ಸಿಕ್ಕಿರುವ ಈ ಕಟ್ಟಡ ಹುಟ್ಟಿದ್ದು ಊರ ಹೊರಗಿನ ತೋಟದ ಮನೆಯಾಗಿ. ಹೈದರಾಬಾದ್ ನಗರ ಆಗ ಮೂಸಿ ನದಿಯ ದಕ್ಷಿಣಕ್ಕೆ, ಗೋಡೆಯೊಳಗೆ ಇತ್ತು. ಉತ್ತರ ದಂಡೆಯಲ್ಲಿ ತೋಟಗಳಿದ್ದವು. 1798ರಿಂದ 1805ರವರೆಗೆ ನಿಜಾಮನ ದರ್ಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಆಗಿದ್ದ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಇಲ್ಲಿ ಹೊಸ ಮನೆ ಕಟ್ಟಿಸಲು ಹೊರಟ. ಖರ್ಚು ನಿಜಾಮನದು. ಇದರ ಬಗ್ಗೆ ಸರ್ ಜಾನ್ ಮಾಲ್ಕಂ ಒಂದು ಸ್ವಾರಸ್ಯವಾದ ಕಥೆ ಬರೆದಿಟ್ಟಿದ್ದಾನೆ. ದೊಡ್ಡ ಹಾಳೆಯಲ್ಲಿ ಬರೆದ ನಕ್ಷೆಯನ್ನು ತೋರಿಸಿದಾಗ ನಿಜಾಮ ಒಪ್ಪಲಿಲ್ಲವಂತೆ. ಅದು ಅವನ ರಾಜ್ಯದ ನಕ್ಷೆಯಷ್ಟೇ ದೊಡ್ಡದಾಗಿ ಕಂಡಿತ್ತು! ಅದನ್ನೇ ಪುಟ್ಟ ಕಾರ್ಡಿನ ಮೇಲೆ ಬರೆದು ತಂದಾಗ ಸಂತೋಷದಿಂದ ಒಪ್ಪಿಗೆ ಕೊಟ್ಟನಂತೆ.

1803ರಲ್ಲಿ ಕೆಲಸ ಶುರುವಾಯಿತು. ವಿನ್ಯಾಸ ಮಾಡಿದವನು ಮದ್ರಾಸ್ ಎಂಜಿನಿಯರ್ಸ್ ಪಡೆಯ ಸ್ಯಾಮುಯೆಲ್ ರಸೆಲ್. ಎತ್ತರದ ಕಂಬಗಳ ಮುಖಮಂಟಪ, ವಿಶಾಲವಾದ ಮೆಟ್ಟಿಲು, ಎರಡು ಬದಿಗೆ ಸಿಂಹ, ಒಳಗೆ ದರ್ಬಾರು ಹಾಲ್. ಈ ಶೈಲಿಯ ತವರು ಇಟಲಿ. ಹದಿನಾರನೆಯ ಶತಮಾನದಲ್ಲಿ ಆಂದ್ರೆಯಾ ಪಲ್ಲಾಡಿಯೋ ಎಂಬ ವಾಸ್ತುಶಿಲ್ಪಿ ಅಲ್ಲಿನ ಜಮೀನುದಾರರಿಗೆ ಹೊಲಗದ್ದೆಗಳ ನಡುವೆ ಕಟ್ಟಿಕೊಟ್ಟ ಮನೆಗಳೇ ಇದಕ್ಕೆ ಮಾದರಿ. ಇಟಲಿಯಿಂದ ಇಂಗ್ಲೆಂಡಿಗೆ, ಅಲ್ಲಿಂದ ನಮ್ಮ ಮೂಸಿ ದಂಡೆಗೆ ಬಂದ ಮನೆ ಇದು. ಆ ಇಟಲಿಯ ವಿಲ್ಲಾಗಳು ಇಂದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಈ ಮನೆಯ ನಿಜವಾದ ಕಥೆ ಇರುವುದು ಅದರ ಹೆಣ್ಣುಮಕ್ಕಳಲ್ಲಿ. ಕರ್ಕ್‌ಪ್ಯಾಟ್ರಿಕ್ ಮದುವೆಯಾದದ್ದು ಹೈದರಾಬಾದಿನ ಗಣ್ಯ ಮನೆತನದ ಹುಡುಗಿ ಖೈರುನ್ನಿಸಾಳನ್ನು. ಅವಳಿಗಾಗಿ ತೋಟದಲ್ಲಿ ‘ರಂಗ್ ಮಹಲ್’ ಎಂಬ ಜನಾನಾ ಕಟ್ಟಲಾಯಿತು. ಪರ್ದಾದಲ್ಲಿದ್ದ ಅವಳು ಹೊರಗೆ ಬಂದು ದೊಡ್ಡ ಮನೆಯ ಮುಂಭಾಗವನ್ನು ನೋಡುವಂತಿರಲಿಲ್ಲ. ಅದಕ್ಕೆಂದೇ ಅದರದೇ ಒಂದು ಪುಟ್ಟ ಮಾದರಿಯನ್ನು ತೋಟದಲ್ಲಿ ಕಟ್ಟಿಸಿಕೊಟ್ಟರು ಎಂದು ಜನ ಹೇಳುತ್ತಾರೆ. ಆ ಮಾದರಿ ಇವತ್ತಿಗೂ ಇದೆ.

1805ರಲ್ಲಿ ಅವರ ಇಬ್ಬರು ಪುಟ್ಟ ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಿದರು. ಅದೇ ವರ್ಷ ಕರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ತೀರಿಕೊಂಡ. ಖೈರುನ್ನಿಸಾ ಮಕ್ಕಳ ಮುಖವನ್ನು ಮತ್ತೆ ನೋಡಲಿಲ್ಲ. 1813ರಲ್ಲಿ ಅವಳೂ ಹೋದಳು. ಮಗಳು ಕಿಟ್ಟಿ ಇಂಗ್ಲೆಂಡಿನಲ್ಲಿ ಬೆಳೆದು, ಮೂರು ದಶಕಗಳಿಗೂ ಹೆಚ್ಚು ಕಾಲದ ನಂತರ ಹೈದರಾಬಾದಿನ ಅಜ್ಜಿ ಶರಫುನ್ನಿಸಾಗೆ ಕಾಗದ ಬರೆದಳು. ಅಗಲುವ ದಿನ ಅಮ್ಮ ಕುಳಿತಿದ್ದ ಜಾಗ ತನಗೆ ಇನ್ನೂ ನೆನಪಿದೆ ಎಂದು ಅದರಲ್ಲಿ ತಿಳಿಸಿದ್ದಳು. ಮನೆ ಎಂದರೆ ಇಷ್ಟೇ ತಾನೆ ಗೆಳತಿಯರೇ? ಕಂಬ ಎಷ್ಟಿತ್ತು ಎಂಬುದು ಮರೆತರೂ ಅಮ್ಮ ಕೂರುತ್ತಿದ್ದ ಮೂಲೆ ಮರೆಯುವುದಿಲ್ಲ.

ಆದರೆ ಅಧಿಕಾರಕ್ಕೆ ಇಂಥ ಮೂಲೆಗಳ ಬೆಲೆ ತಿಳಿಯುವುದಿಲ್ಲ. 1857ರ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ಅವರ ಮುಂದಾಳುತನದಲ್ಲಿ ರೆಸಿಡೆನ್ಸಿಯ ಮೇಲೆ ದಾಳಿ ನಡೆಯಿತು. ಬಳಿಕ ಈ ಜಾಗ ತೋಟದ ಮನೆಗಿಂತ ಹೆಚ್ಚಾಗಿ ಕಾವಲಿನ ಠಾಣೆಯಂತಾಯಿತು. ಸುಮಾರು 1860ರಲ್ಲಿ ಅಂದಿನ ರೆಸಿಡೆಂಟ್ ರಂಗ್ ಮಹಲನ್ನು ಕೆಡವಿಸಿಬಿಟ್ಟ. ಗಂಡಸರ ದರ್ಬಾರು ಹಾಲ್ ಉಳಿಯಿತು, ಹೆಂಗಸರ ಮನೆ ಹೋಯಿತು.

ಬ್ರಿಟಿಷರು ಹೊರಟಾಗ ಈ ದೊಡ್ಡ ಮನೆಗೆ ದಿಕ್ಕಿಲ್ಲದಂತಾಯಿತು. ಆ ಹೊತ್ತಿಗೆ ಹೈದರಾಬಾದಿನ ಬೇರೆ ದೊಡ್ಡ ಮನೆಗಳ ಗತಿಯೂ ಅದೇ. 1949ರಲ್ಲಿ ಜಾಗೀರುಗಳು ರದ್ದಾದವು. ಹಳ್ಳಿಗಳ ಆದಾಯದಿಂದ ನಡೆಯುತ್ತಿದ್ದ ನವಾಬರ ದೇವಡಿಗಳಿಗೆ ಸುಣ್ಣ ಬಳಿಸಲೂ ಹಣವಿಲ್ಲದಾಯಿತು. ಪಾಲಾಗಿ, ಮಾರಾಟವಾಗಿ, ಅಂಗಡಿ ಸಾಲುಗಳಾಗಿ ಎಷ್ಟೋ ದೇವಡಿಗಳು ಕಣ್ಮರೆಯಾದವು. ನಮ್ಮ ಕಲಬುರಗಿ, ರಾಯಚೂರು, ಬೀದರ ಕಡೆಯ ವಾಡೆಗಳು ಪಾಳು ಬಿದ್ದದ್ದೂ ಹೆಚ್ಚುಕಡಿಮೆ ಹೀಗೆಯೇ.

ರೆಸಿಡೆನ್ಸಿಗೆ ಆ ಗತಿ ಬರಲಿಲ್ಲ. 1924ರಲ್ಲಿ ಆರಂಭವಾಗಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು 1949ರಲ್ಲಿ ಈ ಕಟ್ಟಡಕ್ಕೆ ಬಂತು. ಖೈರುನ್ನಿಸಾ ಎದುರಿನಿಂದ ನೋಡಲಾಗದ ಮನೆಯ ಮುಂಬಾಗಿಲಿನಿಂದಲೇ ಸಾವಿರಾರು ಹುಡುಗಿಯರು ಪುಸ್ತಕ ಹಿಡಿದು ಒಳಗೆ ನಡೆದರು. 1956ರವರೆಗೆ ನಮ್ಮ ಮೂರು ಜಿಲ್ಲೆಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ, ನಮ್ಮ ಅತ್ತೆಯಂಥವರಿಗೆ ದೊಡ್ಡ ಓದು ಎಂದರೆ ಇದೇ ಊರು.

ದಿನವೂ ಬಾಗಿಲು ತೆರೆದು, ಕಸ ಗುಡಿಸಿ, ಪಾಠ ನಡೆದ ಕಾರಣದಿಂದಲೇ ಈ ಮನೆ ನಿಂತಿತು. ಹಾಗೆಂದು ಬಳಕೆಯೊಂದೇ ಸಾಲದು. ಹಳೆಯ ಕಟ್ಟಡಕ್ಕೆ ಅದರದೇ ಆರೈಕೆ ಬೇಕು. ಆಗಿನ ಸುಣ್ಣದ ಗಾರೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. ತಾರಸಿ ಸೋರಿದರೆ ಮರದ ತೊಲೆ ಕೊಳೆಯುತ್ತದೆ. ಕಾಲೇಜಿನ ಸಣ್ಣ ಬಜೆಟ್ಟಿನಲ್ಲಿ ಇದೆಲ್ಲ ಆಗುವ ಮಾತಲ್ಲ. ಕಟ್ಟಡ ಸೊರಗುತ್ತಾ ಬಂತು. 2002ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ವಿಲಿಯಂ ಡಾಲ್ರಿಂಪಲ್ ಅವರ ‘ವೈಟ್ ಮೊಘಲ್ಸ್’ ಬಂದು ಖೈರುನ್ನಿಸಾಳ ಕಥೆ ಜಗತ್ತಿಗೆ ತಿಳಿದದ್ದೂ ಅದೇ ವರ್ಷ. ಮುಂದೆ ಹಲವು ವರ್ಷಗಳ ದುರಸ್ತಿ ನಡೆದು ಮನೆ ಮತ್ತೆ ಎದ್ದು ನಿಂತಿತು. 2022ರಲ್ಲಿ ಕಾಲೇಜು ಮಹಿಳಾ ವಿಶ್ವವಿದ್ಯಾಲಯವಾಯಿತು. ಈಗ ಅದಕ್ಕೆ ತೆಲಂಗಾಣದ ರೈತ ಹೋರಾಟದ ವೀರವನಿತೆ ಚಾಕಲಿ ಐಲಮ್ಮನ ಹೆಸರಿದೆ.

ನಗರದ ಇತರ ದೊಡ್ಡ ಮನೆಗಳನ್ನು ನೋಡಿದರೆ ಉಳಿಸುವ ದಾರಿ ಒಂದೇ ಅಲ್ಲ ಎನ್ನುವುದು ತಿಳಿಯುತ್ತದೆ. ಗುಡ್ಡದ ಮೇಲಿನ ಫಲಕ್‌ನುಮಾ 2010ರಲ್ಲಿ ತಾಜ್ ಹೋಟೆಲ್ ಆಯಿತು. ಮನೆ ಥಳಥಳಿಸುತ್ತದೆ, ಆದರೆ ನಮ್ಮಂಥವರು ಎಷ್ಟು ಸಲ ಒಳಗೆ ಕಾಲಿಡಬಲ್ಲೆವು? ಸರೋಜಿನಿ ನಾಯ್ಡು ಅವರ ‘ಗೋಲ್ಡನ್ ಥ್ರೆಶೋಲ್ಡ್’ ಮನೆ ಮಗಳು ಪದ್ಮಜಾ ಅವರ ಔದಾರ್ಯದಿಂದ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಸೇರಿತು. ಎರ್ರಮ್ ಮಂಜಿಲ್ ಅನ್ನು ಕೆಡವಿ ವಿಧಾನಸಭೆ ಕಟ್ಟುವ ಯೋಚನೆ ಬಂದಾಗ ನಾಗರಿಕರು ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ಹೈಕೋರ್ಟು ಆ ತೀರ್ಮಾನವನ್ನು ರದ್ದುಗೊಳಿಸಿತು. ಕೊಡಗಿನ ಐನ್‌ಮನೆಗಳದು ಇನ್ನೊಂದು ಬಗೆ. ವರ್ಷವೆಲ್ಲ ಬೇರೆ ಊರುಗಳಲ್ಲಿದ್ದರೂ ಪುತ್ತರಿಗೆ ಒಕ್ಕದವರು ಅಲ್ಲಿ ಸೇರಿ ದೀಪ ಹಚ್ಚುತ್ತಾರೆ.

ನನಗೆ ಅನಿಸುವುದಿಷ್ಟೆ: ಒಂದು ಮನೆ ಬದುಕಿರಬೇಕಾದರೆ ಅಲ್ಲಿ ಯಾರಿಗಾದರೂ ಕೆಲಸವಿರಬೇಕು. ರೆಸಿಡೆನ್ಸಿ ಈಗ ನೋಡುವ ಸ್ಮಾರಕವಾಗಿದೆ, ಸಂತೋಷ. ಆದರೆ ಅಲ್ಲಿಗೆ ಬರುವವರಿಗೆ ಕರ್ಕ್‌ಪ್ಯಾಟ್ರಿಕ್‌ನ ಪ್ರೇಮಕಥೆಯನ್ನು ಮಾತ್ರ ಹೇಳಿ, ಎಪ್ಪತ್ತು ವರ್ಷ ಆ ಮನೆಯನ್ನು ಬೆಚ್ಚಗಿಟ್ಟ ವಿದ್ಯಾರ್ಥಿನಿಯರನ್ನು ಮರೆತರೆ ರಂಗ್ ಮಹಲನ್ನು ಇನ್ನೊಮ್ಮೆ ಕೆಡವಿದಂತೆ.

ಅದಕ್ಕೆ ನನ್ನದೊಂದು ಕೋರಿಕೆ. ನಮ್ಮ ಮಹಿಳಾ ವಿಭಾಗದಿಂದ ಒಂದು ಭಾನುವಾರ ಮಕ್ಕಳು, ಮೊಮ್ಮಕ್ಕಳೊಂದಿಗೆ ಅಲ್ಲಿಗೆ ಹೋಗೋಣ. ನಮ್ಮ ನಡುವೆ ಅಲ್ಲಿ ಓದಿದ ಹಿರಿಯರ ನೆನಪುಗಳನ್ನು ಅವರ ದನಿಯಲ್ಲೇ ಮೊಬೈಲಿನಲ್ಲಿ ದಾಖಲಿಸೋಣ. ಊರಿಗೆ ಹೋದಾಗ ನಮ್ಮ ತವರಿನ ಹಳೆಯ ಮನೆಯ ಪಡಸಾಲೆ, ದೇವರಮನೆ, ಹಗೇವು, ಹಿತ್ತಲಿನ ಚಿತ್ರ ತೆಗೆದು, ಅಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಎಂದು ಬರೆದಿಡೋಣ.

ನಮ್ಮ ಅತ್ತೆ ಈಗಿಲ್ಲ. ಅವರು ಬುತ್ತಿ ಬಿಚ್ಚುತ್ತಿದ್ದ ಮೆಟ್ಟಿಲು ಮಾತ್ರ ಇದೆ. ಕಳೆದ ಸಲ ಹೋದಾಗ ಅದರ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ.